ಅಲ್ಲಾಡದ ಮುಳ್ಳು

ಮೂಡಲಗಿಯ ಪಿಯು ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಗೋಕಾಕದಲ್ಲಿ. ಹೋದ ವರ್ಷ ವ್ಯತಿಕರಣದ ಪಾಠ ಬಂದಾಗ, ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸದೆ ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬ ಹುಮ್ಮಸ್ಸು ಬಂತು. ಎರಡು ಕಡೆಯಿಂದ ಬಂದ ಅಲೆಗಳು ಒಂದು ಜಾಗದಲ್ಲಿ ಕೂಡಿ ಬಲಗೊಳ್ಳುತ್ತವೆ, ತುಸು ಪಕ್ಕಕ್ಕೆ ಸರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ನಮ್ಮ ಲ್ಯಾಬಿನಲ್ಲಿ ಮೈಕ್ರೋವೇವ್ ಹೊರಡಿಸುವ ಪೆಟ್ಟಿಗೆ ಒಂದೇ ಇತ್ತು. ಹುಕ್ಕೇರಿಯಲ್ಲಿ ಪಾಠ ಹೇಳುವ ಗೆಳತಿಯಿಂದ ಅಂಥದೇ ಇನ್ನೊಂದನ್ನು ಕೇಳಿ ತಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮರುದಿನ ಎರಡೂ ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು, ಎದುರಿಗೆ ಮೀಟರ್ ಇದ್ದ ರಿಸೀವರ್ ಇಟ್ಟೆ.

"ಇದನ್ನ ಬಾಜೂಕ ಸರಿಸಿದಂಗ ಮುಳ್ಳು ಏರಿ ಇಳಿತೈತಿ, ನೋಡ್ರಿ" ಎಂದೆ.

ಸರಿಸಿದೆ. ಮುಳ್ಳು ಇದ್ದಲ್ಲೇ ಇತ್ತು. ಇನ್ನಷ್ಟು ಸರಿಸಿದೆ, ಹಿಂದಕ್ಕೆ ತಂದೆ. ಏನೂ ಇಲ್ಲ. ಇಡೀ ತರಗತಿ ಮೇಜಿನ ಸುತ್ತ ಬಾಗಿ ನಿಂತಿತ್ತು. ನನ್ನ ಬಾಯಿಂದ ತಾನಾಗಿ ಮಾತು ಬಂತು: "ಹಾ, ಇಲ್ಲಿ ಕಡಿಮಿ ಆತು. ಕಂಡ್ತಿಲ್ಲೊ?"

"ಹೌದ್ರಿ ಮೇಡಂ!" ಎಂದರು ಎಲ್ಲರೂ.

ಮುಂದೆ ನಿಂತಿದ್ದ ಕುಲಗೋಡದ ಹುಡುಗಿಯೊಬ್ಬಳು ಮಾತ್ರ ಮೆಲ್ಲಗೆ, "ನನಗ ಕಾಣಲಿಲ್ರಿ ಮೇಡಂ" ಎಂದಳು.

"ಕಣ್ಣಿಟ್ಟ ನೋಡಬೇಕವಾ" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಂಜೆ ಬಸ್ಸಿನಲ್ಲಿ ಕೂತಾಗ ತಪ್ಪು ಹೊಳೆಯಿತು. ಬೇರೆ ಬೇರೆ ಪೆಟ್ಟಿಗೆಗಳ ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದಿಲ್ಲ. ಅವು ಸಂಸಕ್ತ ಮೂಲಗಳಲ್ಲ. ಒಂದೇ ಪೆಟ್ಟಿಗೆಯ ಅಲೆಯನ್ನು ಎರಡು ಸೀಳುಗಳ ಮೂಲಕ ಹಾಯಿಸಬೇಕಿತ್ತು. ಎರಡು ಬಲ್ಬುಗಳ ಬೆಳಕಿನಿಂದ ವ್ಯತಿಕರಣ ಏಕೆ ಕಾಣುವುದಿಲ್ಲವೆಂದು ನಾನೇ ಹಿಂದಿನ ವಾರ ಅದೇ ಮಕ್ಕಳಿಗೆ ಹೇಳಿದ್ದೆ! ಆದರೂ ನಾಳೆ ಸರಿಪಡಿಸಿದರಾಯಿತು ಎಂದುಕೊಂಡೆ.

ಮರುದಿನ ಆ ಹುಡುಗಿ ಬಂದಿರಲಿಲ್ಲ. ಅವಳ ಗೆಳತಿಯನ್ನು ಕೇಳಿದೆ.

"ಕಣ್ಣ ತೋರಿಸಾಕ ಗೋಕಾಕಕ್ಕ ಹೋಗ್ಯಾಳ್ರಿ. ನಿನ್ನಿ ಎಲ್ಲಾರಿಗೂ ಮುಳ್ಳ ಇಳಿದದ್ದ ಕಾಣ್ತಲ್ರಿ, ಅಕಿಗೊಬ್ಬಾಕಿಗೆ ಕಾಣಲಿಲ್ಲಂತ ಬಾಳ ಅಂಜ್ಯಾಳ್ರಿ. ಅವರಪ್ಪನೂ ಕೆಲಸ ಬಿಟ್ಟ ಹೋಗ್ಯಾರ."

ಆ ದಿನ ನಾನು ಬೇರೆ ಪಾಠ ಮಾಡಿದೆ. ಏನು ಮಾಡಿದೆನೋ ನೆನಪಿಲ್ಲ.

ಅವಳು ಬಂದ ದಿನ ಎಲ್ಲರ ಎದುರು ಹೇಳಿದೆ: "ಮೊನ್ನೆ ಮುಳ್ಳು ಅಲ್ಲಾಡೇ ಇರಲಿಲ್ಲ. ನಾನ ತಪ್ಪ ಜೋಡಿಸಿದ್ನಿ. ಖರೆ ನೋಡಿದಾಕಿ ಇಕಿ ಒಬ್ಬಾಕಿನ."

ಹಿಂದಿನ ಬೆಂಚಿನ ಒಬ್ಬ, "ನಮಗೂ ಕಂಡಿರಲಿಲ್ರಿ ಮೇಡಂ. ನೀವ ಹೇಳಿದ್ರಲ್ರಿ, ಅದಕ್ಕ ಹೌದ ಅಂದ್ವಿ" ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ್ದ. ತಲೆಯೆತ್ತಿ ಅವನನ್ನು ನೋಡಲಾಗಲಿಲ್ಲ.

ಒಂದೇ ಪೆಟ್ಟಿಗೆ ಇಟ್ಟು, ಅದರ ಮುಂದೆ ಅಲ್ಯೂಮಿನಿಯಂ ತಗಡುಗಳನ್ನು ನಿಲ್ಲಿಸಿ ನಡುವೆ ಎರಡು ಸೀಳು ಬಿಟ್ಟೆ. ರಿಸೀವರ್ ಅನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಮುಳ್ಳು ಬಿತ್ತು, ಎದ್ದಿತು, ಮತ್ತೆ ಬಿತ್ತು. ಹುಡುಗರು ಕೂಗಿದರು. ಅವಳು ಮಾತ್ರ ನಂಬಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿ, ರಿಸೀವರನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಪರೀಕ್ಷಿಸಿದಳು.

ತರಗತಿ ಮುಗಿದ ಮೇಲೆ, "ಡಾಕ್ಟರ್ ಏನಂದ್ರವಾ?" ಎಂದು ಕೇಳಿದೆ.

"ಕಣ್ಣ ಚೊಲೊ ಅದಾವ ಅಂದ್ರರಿ."

"ಅಪ್ಪಗ ನಡೆದದ್ದ ಹೇಳು. ತಪ್ಪು ನಂದಂತ ಹೇಳು."

ಅವಳು ಗಾಬರಿಯಾದಳು. "ಬ್ಯಾಡ್ರಿ ಮೇಡಂ. ನೀವಂದ್ರ ಅಪ್ಪಗ ಬಾಳ ಮರ್ಯಾದಿ ಐತ್ರಿ."

ಪಾಲಕರ ಸಭೆಗೆ ಅವಳ ಅಪ್ಪ ಬಂದರು. ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ಕೈ ಮುಗಿದರು. ಮಗಳು ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು. ನಾನೇ ಎಲ್ಲವನ್ನೂ ಹೇಳಿದೆ. ಅವರು ಜೋರಾಗಿ ನಕ್ಕು, "ಇರ್ಲಿ ಬಿಡ್ರಿ ಮೇಡಂ, ಮಷೀನ್ ಅಂದಮ್ಯಾಲ ಹಂಗ ಆಗತಾವು" ಎಂದರು.

ಮಷೀನಿನದೇನೂ ತಪ್ಪಿರಲಿಲ್ಲ. ಹಾಗೆಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅವರು ಆಗಲೇ ಮುಂದಿನವರಿಗೆ ಜಾಗ ಬಿಟ್ಟು, ಮಗಳ ಹೆಗಲ ಮೇಲೆ ಕೈಯಿಟ್ಟು ಬಾಗಿಲ ಕಡೆ ನಡೆದಿದ್ದರು.