ಕಹಿ ನೋಡುವ ನರ್ಸಮ್ಮ

ನರ್ಸಮ್ಮನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಗುಳಿ ಇತ್ತು. ನಾನು ದೊಡ್ಡ ಸೀಸೆಯಲ್ಲಿ ಚಳಿಜ್ವರದ ಔಷಧಿ ಕಲಸಿಟ್ಟಾಗಲೆಲ್ಲ, ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದ ಕೂಡಲೇ ಅದನ್ನು ಆ ಗುಳಿಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕುತ್ತಿದ್ದರು. ಕ್ವಿನೈನಿನ ಕಹಿಗೆ ಗರಡಿಯ ಪೈಲ್ವಾನರೂ ಮುಖ ಕಿವುಚುತ್ತಿದ್ದರು. ಈಕೆಯ ಹುಬ್ಬು ಕೂಡ ಅಲ್ಲಾಡುತ್ತಿರಲಿಲ್ಲ. "ನಾವು ಬಾಯಿಗಿಡದೇ ಇರೋದನ್ನ ಅವರಿಗೆ ಕುಡಿ ಅನ್ನೋದು ಹೆಂಗಪ್ಪ?" ಅನ್ನುವರು.

ಮಂಡ್ಯದಲ್ಲಿ ಮಿಷನ್ನಿನವರ ಆ ಎರಡು ಕೋಣೆಯ ಆಸ್ಪತ್ರೆಗೆ ನಾನು ಕಾಂಪೌಂಡರ್. ನಾಲೆಯ ನೀರು ಬಂದು ಗದ್ದೆ ಹಸಿರಾಗಿತ್ತು, ಹಿಂದೆಯೇ ಸೊಳ್ಳೆಯೂ ಬಂದಿತ್ತು. ಕೆರಗೋಡು, ಹೊಳಲಿನಿಂದ ಜನ ಕಂಬಳಿ ಹೊದ್ದು ನಡುಗುತ್ತ ಬರುತ್ತಿದ್ದರು. ನರ್ಸಮ್ಮನಿಗೂ ಆಗಾಗ ಅದೇ ಜ್ವರ. "ಇವತ್ತು ನನ್ನ ಸರದಿ" ಎಂದು ತಮ್ಮ ಡಬ್ಬಿಯಿಂದ ಎರಡು ಗುಳಿಗೆ ನುಂಗಿ ಕೆಲಸಕ್ಕೆ ನಿಲ್ಲುತ್ತಿದ್ದರು.

ಗೋಡೆಯ ಮೇಲೆ ಮರದ ಶಿಲುಬೆಯೊಂದಿತ್ತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನಮ್ಮ ಮಾರಮ್ಮ ಬಲಿ ಇಸ್ಕೊತಾಳೆ. ನಿಮ್ಮ ದೇವ್ರು ತಾನೇ ಬಲಿಯಾಗೋದ್ನಲ್ಲಮ್ಮ, ಇದೆಂಥ ಯವಾರ?" ಎಂದು ಕೆಣಕುತ್ತಿದ್ದೆ.

"ಒಂದಿನ ಗೊತ್ತಾಯ್ತದೆ. ಈಗ ಸೀಸೆ ತೊಳಿ" ಅನ್ನುವರು.

ಯುದ್ಧ ಶುರುವಾಗಿ ಕ್ವಿನೈನ್ ಸಿಗುವುದೇ ಕಷ್ಟವಾಯಿತು. ಬಂದ ಅಷ್ಟಿಷ್ಟನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ನನಗೆ ಒಪ್ಪಿಸಿದ್ದರು. ಅದೇ ಹೊತ್ತಿಗೆ ಮದ್ದೂರಿನಲ್ಲಿ ನನ್ನ ಅವ್ವ ಜ್ವರ ಹಿಡಿದು ಮಲಗಿದಳು. ಕೇಳುವುದಕ್ಕೆ ನನಗೆ ಅಭಿಮಾನ ಅಡ್ಡ ಬಂತು, ಕದಿಯುವುದಕ್ಕೆ ಬರಲಿಲ್ಲ. ನರ್ಸಮ್ಮ ರುಚಿ ನೋಡಿ ಆಚೆ ಹೋದ ಮೇಲೆ ದೊಡ್ಡ ಸೀಸೆಯಿಂದ ಅರ್ಧ ಬಗ್ಗಿಸಿಕೊಂಡು, ಉಳಿದದ್ದಕ್ಕೆ ನೀರು ತುಂಬಿಸಿಟ್ಟೆ. ಅವ್ವ ಎದ್ದು ಕೂತಳು.

ಎರಡು ದಿನ ಕಳೆದ ಮೇಲೆ ಹೊಳಲಿನ ಅಜ್ಜನೊಬ್ಬ ಮಗನ ಹೆಗಲಿಗೆ ಆತುಕೊಂಡು ಬಂದ. "ಅಮ್ಮೋರೆ, ಔಸದಿ ತಪ್ದಂಗೆ ಕುಡೀತಾ ಇವ್ನಿ. ಸಳಿ ಬುಡ್ತಾನೇ ಇಲ್ಲ" ಅಂದ. ನರ್ಸಮ್ಮ ಅವನ ಸೀಸೆಯಿಂದ ಒಂದು ತೊಟ್ಟನ್ನು ಹೆಬ್ಬೆರಳ ಬುಡದ ಗುಳಿಗೆ ಬಿಟ್ಟುಕೊಂಡು ನೆಕ್ಕಿದರು. ಆಮೇಲೆ ನನ್ನ ಕಡೆ ನೋಡಿದರು. ದೊಡ್ಡ ಸೀಸೆ ಎತ್ತಿಕೊಂಡು ತಮ್ಮ ಕೋಣೆಗೆ ಹೋದವರು, ಸ್ವಲ್ಪ ಹೊತ್ತಿಗೆ ಬಂದು ಅಜ್ಜನಿಗೆ ತಾವೇ ಔಷಧಿ ಬಗ್ಗಿಸಿಕೊಟ್ಟರು.

ಮಾರನೆಯ ದಿನ ಮಧ್ಯಾಹ್ನವಾದರೂ ಅವರು ಹೊರಗೆ ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಮೂರು ಕಂಬಳಿಯ ಅಡಿಯಲ್ಲಿ ಮಲಗಿದ್ದಾರೆ, ಮಂಚವೇ ನಡುಗುತ್ತಿದೆ. ಪಕ್ಕದಲ್ಲಿ ಅವರ ಗುಳಿಗೆಯ ಡಬ್ಬಿ ಖಾಲಿ. ಬೀರುವಿನಲ್ಲಿ ಆ ದೊಡ್ಡ ಸೀಸೆ ಬಿಟ್ಟರೆ ಬೇರೆ ಕ್ವಿನೈನ್ ಇರಲಿಲ್ಲ; ಗುಳಿಗೆಗಳನ್ನೆಲ್ಲ ಪುಡಿಮಾಡಿ ಅದಕ್ಕೇ ಹಾಕಿಬಿಟ್ಟಿದ್ದರು. ಬೀಗದ ಕೈಯನ್ನು ಮಂಚದ ಮೇಲಿಟ್ಟು, ಅವ್ವನ ವಿಷಯ ಹೇಳಿ, ನಾಚಿಕೆಯಿಲ್ಲದೆ ಅತ್ತೆ.

"ನನ್ನ ತಪ್ಪು ಮುಚ್ಚಾಕೋಕೆ ನೀವ್ಯಾಕಮ್ಮ ಇಂಗೆ ನರಳ್ಬೇಕು?"

ಅವರ ಹಲ್ಲು ಕಟಕಟ ಅನ್ನುತ್ತಿತ್ತು. "ಮುಚ್ಚಿಲ್ಲ ಕಣಪ್ಪ, ತುಂಬ್ದೆ. ನೀನು ಕಮ್ಮಿ ಮಾಡಿದ್ದನ್ನ ಯಾರಾದ್ರೂ ತುಂಬ್ಲೇಬೇಕಿತ್ತಲ್ಲ. ಶಿಲುಬೆ ಮೇಲೆ ಆಗಿದ್ದೂ ಅಷ್ಟೆ. ಕಮ್ಮಿ ಮಾಡಿದೋರು ನಾವು, ತನ್ನನ್ನೇ ಸುರಿದು ತುಂಬ್ದೋನು ಅವನು." ಸುಧಾರಿಸಿಕೊಂಡು ಮತ್ತೆ ಹೇಳಿದರು: "ಕೇಳಿದ್ರೆ ನನ್ನ ಪಾಲೇ ಕೊಡ್ತಿದ್ನಲ್ಲೋ. ಬೀಗದ ಕೈ ಎತ್ಕೊ. ನಾಳೆ ಕೆರಗೋಡಿನವರು ಬತ್ತಾರೆ, ಬೀರು ಯಾರು ತೆಗೀತಾರೆ?"

ಹೊಸ ಔಷಧಿ ಬರುವತನಕ ಹದಿನೈದು ದಿನ ಅವರು ಹಾಗೆಯೇ ನರಳಿದರು. ಗಂಜಿ ಕಾಯಿಸಿಕೊಡುವುದೊಂದೇ ನನ್ನಿಂದ ಆದದ್ದು. ಅವರು ಎದ್ದು ಓಡಾಡುವ ಹೊತ್ತಿಗೆ ಹೊಳಲಿನ ಅಜ್ಜ ಅವರೆಕಾಯಿಯ ಬುಟ್ಟಿ ಹೊತ್ತು ತಂದು, ನನ್ನ ಕೈ ಹಿಡಿದುಕೊಂಡು, "ನಿನ್ ಔಸದೀಲಿ ಬದುಕ್ದೆ ಕಣಪ್ಪ" ಅಂದ. ತಡೆಯಲಾರದೆ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅಜ್ಜ ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ನಿಧಾನವಾಗಿ ಬುಟ್ಟಿ ಕೆಳಗಿಳಿಸಿದ.

"ನಿಮ್ಮವ್ವ ಉಸಾರಾದ್ಲಾ?"

"ಆದ್ಲು."

"ಅಂಗಾದ್ರೆ ಅರ್ಧ ಅವಳ್ಗೂ ತಕಂಡೋಗ್ಲಾ."

ನರ್ಸಮ್ಮ ಬಾಗಿಲಲ್ಲಿ ನಿಂತು ನಕ್ಕರು. ಅಷ್ಟು ಮನಸಾರೆ ಅವರು ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಾನು ಮತ ಬಿಡಲಿಲ್ಲ, ಬಿಡು ಎಂದು ಅವರೂ ಹೇಳಲಿಲ್ಲ. ಆದರೆ ಆ ಶಿಲುಬೆಯನ್ನು ಮತ್ತೆ ಕೆಣಕಲಿಲ್ಲ. ಆಮೇಲೆ ಅವರಿಗೆ ಮಳವಳ್ಳಿಗೆ ವರ್ಗವಾಯಿತು. ಸ್ವಾತಂತ್ರ್ಯ ಬಂದ ವರ್ಷ ಅಲ್ಲಿಯೇ ತೀರಿಕೊಂಡರು. ನಾನು ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಮಾರನೆಯ ಬೆಳಿಗ್ಗೆ ಬೀರು ತೆಗೆದು, ಅವರು ವರ್ಗವಾದಂದಿನಿಂದ ಮಾಡುತ್ತಿದ್ದಂತೆ ಅಂಗೈಗೆ ಔಷಧಿಯ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ. ಸರಿಯಾಗಿ ಕಹಿಯಿತ್ತು.