ಅಪ್ಪನ ಮೇಲೆ ರೇಗಿದ ಶನಿವಾರ

ಸ್ಕಾಟ್ಲೆಂಡಿನ ಕಡಲತಡಿಯ ಆ ಊರಿನಲ್ಲಿ ರೋನಾ ಟೀಚರ್ ತಾಳ್ಮೆಗೆ ಹೆಸರಾಗಿದ್ದಳು. ವಿಶೇಷ ಮಕ್ಕಳಿಗೆ ಅಂಗಿಯ ಗುಂಡಿ ಹಾಕುವುದನ್ನು ವರ್ಷಗಟ್ಟಲೆ ಹೇಳಿಕೊಟ್ಟರೂ ದನಿ ಏರಿಸಿದವಳಲ್ಲ. ಶನಿವಾರ ಮಾತ್ರ ಶಾಲೆ ಮರೆತು, ತನಗೆ ಗಾಲ್ಫ್ ಕಲಿಸಿದ ಅಪ್ಪ ಡೂಗಲ್‌ನ ಜೊತೆ ಆಡಲು ಹೋಗುತ್ತಿದ್ದಳು.

ಈಚೆಗೆ ಅಪ್ಪನಿಗೆ ಮರೆವು ಶುರುವಾಗಿತ್ತು. ಕ್ಲಬ್ಬಿನ ಕುಟುಂಬ ಪಂದ್ಯದಲ್ಲಿ ಇನ್ನೇನು ಗೆದ್ದೆವು ಎನ್ನುವಾಗ ಅವನು ತಮ್ಮದು ಬಿಟ್ಟು ಎದುರಾಳಿಯ ಚೆಂಡಿಗೆ ಹೊಡೆದು ದಂಡ ತಂದುಬಿಟ್ಟ.

“ಎಷ್ಟು ಸಲ ಹೇಳ್ಬೇಕಪ್ಪಾ ನಿಂಗೆ? ತಲೇಲಿ ಏನಾದ್ರೂ ಇದ್ಯಾ?” ಎಂದು ರೋನಾ ಎಲ್ಲರೆದುರೇ ಕಿರುಚಿದಳು.

ಎದುರಾಳಿಯಾಗಿದ್ದ ಸೆಂಗಾ ಮುಖ ತಿರುಗಿಸಿ ಕಡಲಿನತ್ತ ನೋಡಿದಳು. ಹಿಂದಿನ ಶಾಲೆಯಲ್ಲಿ ತನ್ನ ಮಗಳನ್ನು ಇದೇ ಮಾತಿನಲ್ಲಿ ಬೈದರೆಂದು ಅಲ್ಲಿಂದ ಬಿಡಿಸಿ ರೋನಾಳ ತರಗತಿಗೆ ಸೇರಿಸಿದವಳು ಅವಳು. ರೋನಾಳಿಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು.

“ಬೈಸ್ಕೊಳ್ಳೋ ಕೆಲ್ಸಾನೇ ಮಾಡ್ದೆ ಬಿಡು ಪುಟ್ಟೀ,” ಎಂದು ಅಪ್ಪ ನಗಲು ನೋಡಿದ. “ನಮ್ ಚೆಂಡು ಯಾವ್ದು, ತೋರ್ಸು.”

“ತಪ್ಪಾಯ್ತಪ್ಪಾ,” ಎಂದು ಅವಳು ಅವನ ಕೈ ಹಿಡಿದು ಚೆಂಡಿನ ಬಳಿಗೆ ಕರೆದೊಯ್ದಳು.

ಪಂದ್ಯ ಸೋತರು. ಚಹಾದ ಹೊತ್ತಿಗೆ ಅಪ್ಪ ಎಲ್ಲ ಮರೆತು ಖುಷಿಯಾಗಿ ಕೇಕು ತಿನ್ನುತ್ತಿದ್ದ. ರೋನಾ ಮಾತ್ರ, ಸೋಮವಾರ ಮಗಳನ್ನು ಬಿಡಲು ಬಂದ ಸೆಂಗಾಳ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡೇ ಬಾಗಿಲು ತೆರೆದಳು.