ನಾಲ್ಕು ಬೆರಳು ಬಾಲ

ಕಾರವಾರದ ಮನೆಯ ಅಟ್ಟದಿಂದ ಹಳೆಯ ಕ್ಯಾನ್ವಾಸ್ ಚೀಲ ಇಳಿಸಿ ಜೇಬುಗಳನ್ನು ಬರಿದು ಮಾಡುತ್ತಿದ್ದಾಗ ಒಂದು ಸಣಬಿನ ಹುರಿ ಕೈಗೆ ಸಿಕ್ಕಿತು. ಮೂಗಿಗೆ ಹಿಡಿದೆ. ಒಲೆಯ ಹೊಗೆ, ಹೊಳೆಯ ಕೆಸರು, ಮೀನು... ಇಷ್ಟು ವರ್ಷದ ಮೇಲೂ ಹುರಿಯಲ್ಲಿ ವಾಸನೆ ಉಳಿದೀತೇ, ಇಲ್ಲ ನನ್ನ ತಲೆಯೇ ಅದನ್ನು ಹುಟ್ಟಿಸಿಕೊಂಡಿತೇ? ಅನುಮಾನಪಡುವುದು ನನ್ನ ಕಸುಬು. ಹೆಂಡತಿಯನ್ನು ಕರೆದು ಮೂಸಿ ನೋಡಲು ಹೇಳಿದೆ. "ಮೀನು," ಎಂದಳು ಮುಖ ಕಿವುಚಿ. ಹಾಗಾದರೆ ವಾಸನೆ ನಿಜ.

ಹುರಿಯ ಒಂದು ತುದಿಗೆ ಬೆರಳು ತೂರುವಷ್ಟು ಕುಣಿಕೆ. ಉದ್ದಕ್ಕೂ ಅಲ್ಲಲ್ಲಿ ಮೂರು ಗಂಟುಗಳು. ಪ್ರತಿ ಗಂಟಿಗೆ ಸುಮಾರು ನಾಲ್ಕು ಬೆರಳು ಹಿಂದೆ ಒಂದೊಂದು ಕೆಂಪು ದಾರ ಸುತ್ತಿ ಬಿಗಿದಿತ್ತು. ಆ ಕೆಂಪು ಕಂಡದ್ದೇ ಚೀಲದ ಉಳಿದ ಸಾಮಾನೆಲ್ಲ ನೆಲದ ಮೇಲೆ ಬಿಟ್ಟು ಅಳತೆಪಟ್ಟಿ ಹುಡುಕಲು ಓಡಿದೆ.

ಆ ಹುರಿ ಮೌಶಿಯದು.

ಆಗ ನಾನು ಧಾರವಾಡದಲ್ಲಿ ಓದು ಮುಗಿಸಿ ಹೊಸದಾಗಿ ಸಂಶೋಧನೆಗೆ ಸೇರಿದ್ದೆ. ಜೋಯಿಡಾ ತಾಲ್ಲೂಕಿನಲ್ಲಿ, ದಾಂಡೇಲಿಗೆ ಬಹಳ ದೂರವಲ್ಲದ ಕಡೆ, ಕಾಳಿ ಹೊಳೆಯ ದಂಡೆಗೆ ಗಾಳದ ಶಿಬಿರವೊಂದಿತ್ತು. ಪುಣೆ, ಮುಂಬಯಿಯ ಹವ್ಯಾಸಿಗಳು ಬಂದು ಮಾಶೀರ್ ಮೀನು ಹಿಡಿಯುತ್ತಿದ್ದರು. ಹಿಡಿದು, ಫೋಟೊ ತೆಗೆಸಿಕೊಂಡು, ಹೊಳೆಗೇ ಬಿಡುತ್ತಿದ್ದರು. ಬಿಡುವ ಮೊದಲು ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಅಳೆಯುವುದು ನನ್ನ ಕೆಲಸ. ಶಿಬಿರದಲ್ಲಿ ಅತಿಥಿಗಳ ಹಳೆಯ ಪುಸ್ತಕವಿತ್ತು. ವರ್ಷಗಟ್ಟಲೆ ಸಿಕ್ಕ ಮೀನುಗಳ ಉದ್ದ ಅದರಲ್ಲಿತ್ತು. ಅಂದಿನ ಮೀನಿಗೂ ಇಂದಿನ ಮೀನಿಗೂ ಹೋಲಿಸಿ, ಈ ಹೊಳೆಯಲ್ಲಿ ಗಾಳ ಮುಂದುವರಿಯಬಹುದೇ ಎಂದು ನಾನು ವರದಿ ಕೊಡಬೇಕಿತ್ತು.

ಮೌಶಿ ಶಿಬಿರದ ಅಡುಗೆಯವಳು. ಹೊಳೆಯಾಚೆಯ ಸಿದ್ದಿ ಕೇರಿಯವಳು. ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಎಂದೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಬಿದಿರಿನ ಗಾಳ ಹೆಗಲಿಗಿಟ್ಟುಕೊಂಡು ಶಿಬಿರದ ಕೆಳಗಿನ ಮಡುವಿಗೆ ಹೋಗುತ್ತಿದ್ದಳು. ಕೇರಿಯ ಮನೆಗಳಿಗೆಲ್ಲ ಅದೇ ಮಡು. ಸಾರಿಗೆ ಸಾಲುವಷ್ಟು ಸಣ್ಣ ಮೀನು ಸಿಕ್ಕರೆ ಎದ್ದುಬಿಡುತ್ತಿದ್ದಳು. ದೊಡ್ಡದು ಗಾಳಕ್ಕೆ ಬಿದ್ದರೆ ಬೈದು ಬಿಡುತ್ತಿದ್ದಳು. "ಮೌಶಿ, ಮಾಶೀರು ಒಂದ ಮನಿತನದಾವು, ಎರಡೂ ಕೈಗೆ ಸಿಗಂಗಿಲ್ಲ," ಎಂದು ಹರಿಗೋಲಿನವನು ಚೇಷ್ಟೆ ಮಾಡುತ್ತಿದ್ದ. "ನಿನ್ನ ಕೈಗೆ ಊಟ ಸಿಗತೈತಲ್ಲ, ಅಷ್ಟು ಸಾಕು," ಎನ್ನುತ್ತಿದ್ದಳು ಅವಳು.

ನನ್ನ ಕೆಲಸದ ಮೇಲೆ ಅವಳಿಗೆ ಒಂದು ಕಣ್ಣು. ನಾನು ಮೀನು ಅಳೆಯುವಾಗಲೆಲ್ಲ ಹುರಿ ಹಿಡಿದು ಬಂದು ನಿಲ್ಲುತ್ತಿದ್ದಳು. ಕುಣಿಕೆಯ ತುದಿಯನ್ನು ಮೀನಿನ ಮೂತಿಗೆ ತಾಗಿಸಿ, "ಆ ಕಡಿ ಹಿಡೀರಿ ಒಂದೀಟು," ಎನ್ನುತ್ತಿದ್ದಳು. ನಾನು ಒಮ್ಮೆಯೂ ಹಿಡಿಯಲಿಲ್ಲ. ನನ್ನಲ್ಲಿ ಸ್ಟೀಲಿನ ಅಳತೆ ಹಲಗೆಯಿತ್ತು.

"ಮೌಶಿ, ಹಿಂದಕ್ಕ ಸರೀರಿ. ಮೀನ ಸಾಯತೈತಿ."

"ನಿಮ್ಮ ಅಳತಿ ಮುಗಿಯೂದ್ರಾಗ ಅದು ಮುದುಕ ಆಗತೈತಿ ತಗೋರಿ," ಎಂದು ತಾನೇ ಮಂಡಿಯೂರಿ, ಎರಡೂ ಕೈಯಿಂದ ಹುರಿ ಎಳೆದು, ಬಾಲದ ತುದಿಗೆ ಉಗುರು ಒತ್ತಿ, ಒಮ್ಮೊಮ್ಮೆ ಅಲ್ಲೊಂದು ಗಂಟು ಹಾಕುತ್ತಿದ್ದಳು. ಅಷ್ಟರಲ್ಲಿ ನಾನು ಮೀನನ್ನು ನೀರಿಗಿಳಿಸಿ, ಅದು ಚೇತರಿಸಿಕೊಂಡು ಕೈಯಿಂದ ಜಾರುವವರೆಗೆ ಹಿಡಿದಿರುತ್ತಿದ್ದೆ. ಆ ಜಾರುವ ಕ್ಷಣ... ಈಗಲೂ ಅಂಗೈಯಲ್ಲಿದೆ.

ಮಾಶೀರಿನ ಬಾಲ ಕತ್ತರಿಯಂತೆ ಸೀಳಿರುತ್ತದೆ. ತುದಿಗಳು ಕಲ್ಲಿಗೆ ತಾಗಿ ಸವೆಯುತ್ತವೆ. ಅದಕ್ಕೇ ಮೂತಿಯಿಂದ ಬಾಲದ ಕವಲಿನವರೆಗೆ ಮಾತ್ರ ಅಳೆಯಬೇಕೆಂದು ನಮಗೆ ಕಲಿಸಿದ್ದರು. ಅದು ತಪ್ಪಲ್ಲ. ತಪ್ಪು ನಡೆದದ್ದು ನನ್ನ ಮೇಜಿನ ಮೇಲೆ. ಅತಿಥಿಗಳ ಪುಸ್ತಕದ ಅಂಕಿಗಳ ಪಕ್ಕ ನನ್ನ ಅಂಕಿಗಳನ್ನಿಟ್ಟೆ. ಮೀನುಗಳು ಕುಗ್ಗಿದ್ದವು! ಒಂದಲ್ಲ ಎರಡಲ್ಲ, ಎಲ್ಲವೂ, ಸುಮಾರು ನಾಲ್ಕು ಬೆರಳು. ದೊಡ್ಡ ಮೀನು ಮುಗಿದು ಹೊಳೆಯ ಸಂತತಿ ಕುಸಿಯುತ್ತಿದೆ ಎಂದುಕೊಂಡೆ. ದುಃಖಪಡಬೇಕಿತ್ತು, ನಿಜ ಹೇಳಬೇಕೆಂದರೆ ಕುಣಿಯುವಷ್ಟು ಉತ್ಸಾಹ ಬಂತು. ಮೊದಲ ಸಂಶೋಧನೆಯಲ್ಲೇ ಇಷ್ಟು ದೊಡ್ಡ ಫಲಿತಾಂಶ. ಆ ಭಾಗದಲ್ಲಿ ಮೂರು ವರ್ಷ ಯಾರೂ ಗಾಳ ಹಾಕಕೂಡದು, ಹವ್ಯಾಸಿಗಳೂ ಇಲ್ಲ, ದಂಡೆಯ ಊರವರೂ ಇಲ್ಲ ಎಂದು ಶಿಫಾರಸು ಬರೆದೆ. ಒಂದು ವಾರದಲ್ಲಿ ಶಿಬಿರದಲ್ಲೇ ಅಧಿಕಾರಿಗಳ ಸಭೆಯಿತ್ತು.

ಸುದ್ದಿ ಅಡುಗೆಮನೆಗೆ ಮುಟ್ಟಿತು. ಮರುದಿನ ಮೌಶಿ ಚಹಾ ತಂದಿಟ್ಟು ಅಲ್ಲೇ ನಿಂತಳು.

"ಪಾವಣ್ಯಾರು ಬ್ಯಾರೆ ಹೊಳಿ ನೋಡ್ಕೋತಾರ್ರೀ. ನಾವು ಯಾವ ಹೊಳಿಗೆ ಹೋಗೂಣು?"

ಪಾವಣ್ಯಾರೆಂದರೆ ಅವಳ ಮಾತಿನಲ್ಲಿ ಶಿಬಿರದ ಅತಿಥಿಗಳು. ಮೀನು ಕುಗ್ಗಿವೆ, ಮಡುವಿಗೆ ಬಿಡುವು ಬೇಕು ಎಂದು ನಾನು ಪಾಠ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಆ ಮಾತು ಆಡಿದಳು.

"ಸಾಹೇಬ್ರ, ನಿಮ್ಮ ಯುನಿವರ್ಸಿಟ್ಯಾಗ ಮೀನಕ್ಕ ಬಾಲ ಇರೂದಿಲ್ಲೇನ್ರಿ?"

ಸುತ್ತ ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮುಂದಿನದನ್ನು ನಾನು ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಸಭೆಗೆ ಎರಡು ದಿನ ಮೊದಲು, ಸಂಜೆ, ಜಗಲಿಯಲ್ಲಿ ಒಬ್ಬನೇ ಕೂತಿದ್ದೆ. ತಂತಿಯ ಮೇಲೆ ಒಣಹಾಕಿದ್ದ ಮೀನಿನ ಬಾಲ ಗಾಳಿಗೆ ಅಲ್ಲಾಡಿತು. ಅತಿಥಿಗಳು ಅಳೆದದ್ದು ಬಾಲದ ತುದಿಯವರೆಗೆ, ನಾನು ಅಳೆದದ್ದು ಕವಲಿನವರೆಗೆ! ಮೀನು ಕುಗ್ಗಿರಲಿಲ್ಲ, ಅಳತೆ ಕುಗ್ಗಿತ್ತು. "ಹೊಳೆಯ ದಂಡೆಯಲ್ಲಿ ನನಗೆ ಹೊಳೆಯಿತು," ಎಂದು ಇಲ್ಲಿ ನಿಲ್ಲಿಸುತ್ತೇನೆ, ವಿದ್ಯಾರ್ಥಿಗಳು ನಗುತ್ತಾರೆ. ಶಿಫಾರಸು ಹರಿದುಹಾಕಿದೆ. ಹವ್ಯಾಸಿಗಳು ಹಿಡಿದ ಮೀನನ್ನೆಲ್ಲ ಬಿಡಬೇಕು, ಮೊಟ್ಟೆಯಿಡುವ ಮಳೆಗಾಲದಲ್ಲಿ ಗಾಳವೇ ಬೇಡ, ಊರವರು ಉಣ್ಣಲು ಸಣ್ಣದನ್ನು ಒಯ್ಯಬಹುದು, ದೊಡ್ಡದನ್ನು ಬಿಡಬೇಕು ಎಂದು ಹೊಸದು ಬರೆದೆ. ಸಭೆ ಒಪ್ಪಿತು. ವರದಿಯಲ್ಲಿ "ಈ ವ್ಯತ್ಯಾಸವನ್ನು ನಾವು ಗಮನಿಸಿದೆವು" ಎಂಬ ಸಾಲಿದೆ. ನಾವು ಎಂದರೆ ನಾನು.

ಈ ಕಥೆಯಲ್ಲಿ ಮೌಶಿ ಚಹಾ ತರುವವಳು. ಬಾಲದ ಮಾತು ಒಂದು ತಮಾಷೆ. ಅದು ಹೊಳೆದದ್ದಕ್ಕೆ ಮೊದಲೋ ಆಮೇಲೋ ಎಂದು ಯಾರಾದರೂ ಕೇಳಿದ್ದರೆ, ಆಮೇಲೆ ಎಂದೇ ಹೇಳುತ್ತಿದ್ದೆ. ಖಂಡಿತವಾಗಿ ಹೇಳುತ್ತಿದ್ದೆ...

ಈಗ ಹುರಿಯ ಕುಣಿಕೆಯ ಮೇಲೆ ಕುಟ್ಟಾಣಿ ಇಟ್ಟು ಅಡುಗೆಮನೆಯ ನೆಲದ ಮೇಲೆ ಎಳೆದೆ. ಶಿಬಿರದ ದಿನಗಳ ಟಿಪ್ಪಣಿ ಪುಸ್ತಕ ಬಿಚ್ಚಿದೆ. ಮೊದಲ ಕೆಂಪು ದಾರಕ್ಕೆ ಅಳತೆಪಟ್ಟಿ ಹಿಡಿದೆ. ಪುಟ ತಿರುವಿದೆ. ಅದೇ ಉದ್ದದ ಮೀನು, ಕೆಳಗಿನ ಮಡು, ನನ್ನದೇ ಅಕ್ಷರ. ಎರಡನೆಯದು ತಾಳೆಯಾಯಿತು. ಮೂರನೆಯದೂ! ಹೆಂಡತಿ ಒಲೆ ಆರಿಸಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಮೌಶಿ ಗಂಟು ಹಾಕಿದ್ದು ಬಾಲದ ತುದಿಗೆ. ಕೆಂಪು ದಾರ ಕಟ್ಟಿದ್ದು ನನ್ನ ಅಳತೆ ನಿಲ್ಲುತ್ತಿದ್ದ ಕಡೆಗೆ. ಎರಡು ಅಳತೆ, ಒಂದೇ ಹುರಿ, ನಡುವೆ ನಾಲ್ಕು ಬೆರಳು.

ಆದರೆ ದಾರವನ್ನು ಆಮೇಲೆ ಕಟ್ಟಿರಬಹುದಲ್ಲ? ಸಭೆಯಲ್ಲಿ ನನ್ನ ಮಾತು ಕೇಳಿಸಿಕೊಂಡು? ವಕೀಲನಂತೆ ವಾದಿಸಿಕೊಂಡೆ. ಉತ್ತರ ಥಟ್ಟನೆ ಎದುರಿಗೆ ಬಂತು. ಆ ಮೀನುಗಳನ್ನು ಅಂದಂದೇ ಬಿಟ್ಟಿದ್ದೆವು. ಬಿಟ್ಟ ಮೀನನ್ನು ಹೊಳೆಯಿಂದ ಮತ್ತೆ ಕರೆದು ತಂದು ಅದರ ಕವಲಿಗೆ ದಾರ ಹಿಡಿಯಲು ಆಗುವುದಿಲ್ಲ. ಮೀನು ಒದ್ದೆ ಬಟ್ಟೆಯ ಮೇಲಿದ್ದ ಆ ಅರೆನಿಮಿಷದಲ್ಲೇ ಕವಲಿನ ಗುರುತು ಹಿಡಿದು ಕಟ್ಟಿರಬೇಕು. ಮೂರನೆಯ ಮೀನಿನ ಪುಟವೂ ನನಗೆ "ಹೊಳೆದ" ಪುಟಕ್ಕಿಂತ ಐದು ದಿನ ಮೊದಲಿನದು.

ನನಗೆ ಹೊಳೆದಿರಲಿಲ್ಲ. ಅವಳು ಹೇಳಿದ್ದಳು.

ಹುರಿ ನನ್ನ ಚೀಲಕ್ಕೆ ಬಂದ ಬಗೆಯೂ ಆಗ ನೆನಪಾಯಿತು. ನಾನು ಹೊರಟ ದಿನ ಮೌಶಿ ರೊಟ್ಟಿ ಬುತ್ತಿ ಕಟ್ಟಿಕೊಟ್ಟಿದ್ದಳು. ಬಟ್ಟೆಯ ಗಂಟಿನ ಮೇಲೆ ಈ ಹುರಿ ಸುತ್ತಿತ್ತು. ಹಳಿಯಾಳದ ಬಸ್ಸಿನಲ್ಲಿ ಬಿಚ್ಚಿ, ರೊಟ್ಟಿ ತಿಂದು, ಬುತ್ತಿಯ ದಾರವೆಂದು ಹುರಿಯನ್ನು ಜೇಬಿಗೆ ತುರುಕಿದ್ದೆ.

ಮರುದಿನ ಬೆಳಗ್ಗೆ ಕಾರು ಹತ್ತಿದೆ. ಮುಂದಿನ ವಾರ ಕಾರವಾರದ ಕಡಲ ದಂಡೆಯಲ್ಲಿ ಹವ್ಯಾಸಿ ಗಾಳಗಾರರಿಗೆ ನಾನು ತರಬೇತಿ ಕೊಡಬೇಕಿತ್ತು: ಎಷ್ಟು ಉದ್ದದ ಮೀನು ಒಯ್ಯಬೇಕು, ಎಷ್ಟು ಉದ್ದದ್ದು ಬಿಡಬೇಕು. ಮೌಶಿಯನ್ನೇ ಕರೆತಂದು ಎಲ್ಲರೆದುರು ಹುರಿ ಹಿಡಿಸಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಘಟ್ಟದ ತಿರುವುಗಳಲ್ಲಿ ಒಬ್ಬನೇ ಜೋರಾಗಿ ನಕ್ಕೆ. ಶಿಬಿರ ಮುಚ್ಚಿತ್ತು. ಕೇರಿಯಲ್ಲಿ ಮೊದಲ ಮನೆಯವರೇ ಹೇಳಿದರು, ಅವಳು ತೀರಿಹೋಗಿ ಎರಡು ಮಳೆಗಾಲವಾಯಿತು, ಮಗಳನ್ನು ಪಾಳಾಕ್ಕೆ ಕೊಟ್ಟಿದೆ ಎಂದು. ಸ್ವಲ್ಪ ಹೊತ್ತು ಮಡುವಿನ ಕಲ್ಲಿನ ಮೇಲೆ ಕೂತೆ. ಆಮೇಲೆ ಹಳಿಯಾಳ ದಾಟಿ ಮುಂಡಗೋಡದ ದಾರಿ ಹಿಡಿದೆ.

ಪಾಳಾದಲ್ಲಿ ಮಗಳು ಅಂಗಳದಲ್ಲಿ ಗೋವಿನಜೋಳ ಬಿಡಿಸುತ್ತಿದ್ದಳು. ಹುರಿ ಕೊಟ್ಟದ್ದೇ ಕೆಂಪು ದಾರವನ್ನು ಹೆಬ್ಬೆರಳಿಂದ ಸವರಿದಳು.

"ಅವ್ವನ ಸೀರಿ ಅಂಚಿನ ದಾರ್ರೀ ಇದು. ಸಾಹೇಬ್ರಿಗೆ ಎದುರಿಗೆ ಹೇಳಿದ್ರ ನಗತಾರ, ಅದಕ್ಕ ಗಂಟ ಹಾಕಿ ಕೊಟ್ಟೇನಿ ಅಂತಿದ್ಲು. ಓದಾಕ ಬರತೈತೋ ಇಲ್ಲೋ ಅಂತಿದ್ಲು."

"ಈಗ ಓದಿದೆ, ತಂಗೀ."

"ಅವ್ವನ ಅಳತಿ ಖರೇ ಬಂತೇನ್ರಿ?"

"ಖರೇ ಬಂತು. ನಂದ ಸುಳ್ಳಾತು."

ನಾನು ಪೆನ್ನು ತೆಗೆದೆ. ವರದಿಗೆ ತಿದ್ದುಪಡಿ ಕಳಿಸಬೇಕು, ತಾಯಿಯ ಹೆಸರು ಹೇಳು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅಷ್ಟು ದಿನ ಅವ್ವನ ಕೈಯಾಗ ಉಂಡೀರಿ, ಹೆಸರ ಕೇಳಿಲ್ಲೇನ್ರಿ?"

ಕೇಳಿರಲಿಲ್ಲ. ಹೇಳಿದಳು. ಬರೆದುಕೊಂಡೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಮೊದಲು ಅಚ್ಚಾಗಬೇಕಾದ ಜಾಗ ಬೇರೆ ಇದೆ. ಹೊರಡುವಾಗ ಹುರಿ ಹಿಂದಿರುಗಿಸಲು ಹೋದೆ. "ನೀವ ಇಟ್ಕೊಳ್ರಿ. ನಮಗ ಅದು ಬರೇ ಹುರಿ, ನಿಮಗ ಓದಾಕ ಬರತೈತಿ," ಎಂದಳು.

ನಿನ್ನೆ ತಿದ್ದುಪಡಿ ಬರೆದು ಮುಗಿಸಿದೆ. "ನಾವು ಗಮನಿಸಿದೆವು" ಎಂಬುದನ್ನು ಹೊಡೆದುಹಾಕಿ ಅವಳ ಹೆಸರು ಹಾಕಿದೆ. ಆಮೇಲೆ ತರಬೇತಿಗೆ ತಯಾರಿಯೆಂದು ಹುರಿಯನ್ನು ಮೇಜಿನ ಮೇಲೆ ಹಾಸಿ, ಕುಣಿಕೆಗೆ ಬೆರಳು ಕೊಟ್ಟು ಎಳೆದೆ. ಇನ್ನೊಂದು ತುದಿ ಸುರುಳಿಯಾಗಿ ಹಿಂದಕ್ಕೆ ಬಂತು. ಮತ್ತೆ ಎಳೆದೆ, ಮತ್ತೆ ಬಂತು. "ಆ ಕಡಿ ಹಿಡೀರಿ ಒಂದೀಟು" ಎಂದು ಅವಳು ಎಷ್ಟು ಸಲ ಹೇಳಿದ್ದಳೋ... ಕೊನೆಗೆ ಆ ತುದಿಯ ಮೇಲೆ ನನ್ನ ಹಳೆಯ ವರದಿಯನ್ನೇ ಭಾರಕ್ಕಿಟ್ಟೆ.